ಟ್ರಂಕಿನ ಮೇಲಿನ ಹೋಟೆಲು

ಸ್ಟೀಲಿನ ಲೋಟಕ್ಕೆ ಚಮಚ ಬಡಿಯುವ ಸದ್ದು ಕೇಳಿದರೆ ಇವತ್ತಿಗೂ ನನ್ನ ಕೈಯಲ್ಲಿನ ತುತ್ತು ಅಲ್ಲೇ ನಿಲ್ಲುತ್ತದೆ. ಈಚೆಗೆ ಒಂದು ಮಧ್ಯಾಹ್ನ ಹೀಗೇ ಆಯಿತು. ಕಚೇರಿಯ ಗೆಳತಿಯರೊಂದಿಗೆ ಊಟಕ್ಕೆಂದು ಒಂದು ದೊಡ್ಡ ಹೋಟೆಲಿಗೆ ಹೋಗಿದ್ದೆ. ಪಕ್ಕದ ಮೇಜಿನಲ್ಲಿ ಇನ್ನೂ ಶಾಲೆಗೆ ಹೋಗದ ವಯಸ್ಸಿನ ಹುಡುಗನೊಬ್ಬ ಚಮಚ ಹಿಡಿದು ಲೋಟ, ತಟ್ಟೆ, ನೀರಿನ ಜಗ್ಗು, ಕೈಗೆ ಎಟುಕಿದ್ದನ್ನೆಲ್ಲ ಬಡಿಯುತ್ತಿದ್ದ. ಅವನ ಅಪ್ಪ ಅಮ್ಮ ಇಬ್ಬರೂ ತಮ್ಮ ತಮ್ಮ ಮೊಬೈಲಿನಲ್ಲಿ ಮುಳುಗಿದ್ದರು. ಸುತ್ತ ಕೂತವರು ಒಬ್ಬೊಬ್ಬರಾಗಿ ತಿರುಗಿ ನೋಡಿದರು. ನನ್ನ ಜೊತೆಗಿದ್ದ ಬೆಂಗಳೂರಿನ ಹುಡುಗಿ, "ಎಷ್ಟ್ ಇರಿಟೇಟಿಂಗ್ ಅಲ್ವಾ? ಮಕ್ಕಳಿಗೆ ಮ್ಯಾನರ್ಸ್ ಕಲಿಸೋಕಾಗ್ದೆ ಇದ್ರೆ ಹೊರಗ್ ಯಾಕ್ ಕರ್ಕೊಂಡು ಬರ್ತಾರೆ?" ಎಂದಳು. ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಆ ತಾಯಿ ತನ್ನ ಮೊಬೈಲನ್ನು ಉಪ್ಪಿನ ಡಬ್ಬಿಗೆ ಒರಗಿಸಿ ಮಗನ ಮುಂದೆ ನಿಲ್ಲಿಸಿದಳು. ಹುಡುಗ ಚಮಚ ಕೆಳಗಿಟ್ಟು, ಅದರೊಳಗಿನ ಬಣ್ಣದ ಗೊಂಬೆಗಳನ್ನು ನೋಡುತ್ತ, ಬಾಯಿಗೆ ಬಂದದ್ದನ್ನು ಏನೆಂದೂ ಅರಿಯದೆ ನುಂಗುತ್ತ ಕೂತುಬಿಟ್ಟ. ಎಲ್ಲರಿಗೂ ಸಮಾಧಾನವಾಯಿತು. ನನಗೆ ಮಾತ್ರ ಆಮೇಲೆ ಊಟ ಸೇರಲಿಲ್ಲ. ಆ ಸದ್ದು ನಿಂತ ಮೇಲೂ ನನ್ನ ಕಿವಿಯೊಳಗೆ, ಪುಣೆಯ ಭೋಸರಿಯಲ್ಲಿದ್ದ ನಮ್ಮ ಒಂಟಿ ಕೋಣೆಯಲ್ಲಿ ಕೂತು, ನನ್ನ ತಮ್ಮ ಸಿದ್ದು ಬಡಿಯುತ್ತಲೇ ಇದ್ದ.

ಆ ಕೋಣೆ ಈಗಿಲ್ಲ. ಕಾರ್ಖಾನೆಗಳ ಹಿಂಬದಿಗೆ ಸಾಲಾಗಿ ಕಟ್ಟಿದ್ದ ಚಾಳಿನಲ್ಲಿ ನಮ್ಮದು ಕೊನೆಯ ಮನೆಯಾಗಿತ್ತು. ತಗಡಿನ ಮಾಡು, ಕಡಪಾ ಕಲ್ಲಿನ ನೆಲ, ಬಾಗಿಲ ಪಕ್ಕದಲ್ಲೇ ಪಾತ್ರೆ ತೊಳೆಯುವ ಮೋರಿ. ಅಪ್ಪ ಸೇಡಂ ಕಡೆಯವನು. ನಾನು ಹುಟ್ಟುವ ಮೊದಲೇ ಅವ್ವನನ್ನು ಕರೆದುಕೊಂಡು ಕೆಲಸ ಹುಡುಕುತ್ತ ಪುಣೆಗೆ ಬಂದು, ಕೆಲವು ಕಾಲ ಕಟ್ಟಡಗಳಲ್ಲಿ ಇಟ್ಟಿಗೆ ಹೊತ್ತು, ಕಡೆಗೆ ಭೋಸರಿಯ ಒಂದು ಕಾರ್ಖಾನೆಯಲ್ಲಿ ಪ್ರೆಸ್ ಮಶೀನಿನ ಮುಂದೆ ನಿಂತವನು. ಸಂಜೆ ಅವನು ಒಳಗೆ ಕಾಲಿಟ್ಟರೆ ಅವನಿಗಿಂತ ಮೊದಲು ಮಶೀನಿನ ಎಣ್ಣೆಯ ವಾಸನೆ ಬರುತ್ತಿತ್ತು. ಎಷ್ಟು ಸೋಪು ಹಚ್ಚಿದರೂ ಅದು ಹೋಗುತ್ತಿರಲಿಲ್ಲ, ಅವನ ಅಂಗಿಯಲ್ಲಿ, ಹಾಸಿಗೆಯಲ್ಲಿ, ಅವನು ಮುರಿದು ಕೊಟ್ಟ ರೊಟ್ಟಿಯಲ್ಲಿ ಕೂಡ ಇರುತ್ತಿತ್ತು. ಅದರ ಜೊತೆಗೆ ಅವ್ವ ಸ್ಟೋವಿನ ಮೇಲೆ ಬೇಯಿಸುವ ಜೋಳದ ರೊಟ್ಟಿಯ ಸುಟ್ಟ ಅಂಚಿನ ವಾಸನೆ, ಕುಟ್ಟಿದ ಶೇಂಗಾ ಹಿಂಡಿಯ ವಾಸನೆ, ಸೀಮೆಎಣ್ಣೆಯ ವಾಸನೆ. ಹೊಸ್ತಿಲು ದಾಟಿದರೆ ಮರಾಠಿ, ಒಳಗೆ ಬಂದರೆ ನಮ್ಮ ಕನ್ನಡ. ನಲ್ಲಿಯ ಬಳಿ ಜಗಳವಾಡಿ ಮರಾಠಿಯಲ್ಲಿ ಸಿಟ್ಟು ಮಾಡಿಕೊಂಡು ಬಂದ ಅವ್ವ ಬಾಗಿಲೊಳಗೆ ಕಾಲಿಡುತ್ತಲೇ ಆ ಸಿಟ್ಟಿನ ಉಳಿದರ್ಧವನ್ನು ಕನ್ನಡದಲ್ಲಿ ಮುಗಿಸುತ್ತಿದ್ದಳು. ನೀವು ಹುಟ್ಟಿ ಬೆಳೆದದ್ದು ಯಾವ ಊರೇ ಆಗಿರಲಿ, ನಿಮಗೂ ಅಂಥ ಒಂದು ಕೋಣೆ ಇದ್ದಿರಬೇಕು. ಅಷ್ಟು ಚಿಕ್ಕ ಜಾಗದಲ್ಲಿ ಅಷ್ಟೊಂದು ಜನ, ಅಷ್ಟೊಂದು ಮಾತು ಹೇಗೆ ಹಿಡಿಸಿತ್ತು ಎಂದು ಈಗ ಯೋಚಿಸಿದರೆ ನಂಬಿಕೆಯೇ ಬರುವುದಿಲ್ಲ.

ಸಿದ್ದು ನನಗಿಂತ ಚಿಕ್ಕವನು. ಅವನು ಬೇರೆ ಮಕ್ಕಳ ಹಾಗೆ ಇರಲಿಲ್ಲ. ಮಾತು ಬಹಳ ತಡವಾಗಿ ಬಂತು. ಬಂದದ್ದೂ ಅವನ ಮಾತಾಗಿರಲಿಲ್ಲ, ನಾವು ಆಡಿದ್ದನ್ನೇ ನಮ್ಮದೇ ಧ್ವನಿಯಲ್ಲಿ ತಿರುಗಿ ಆಡುತ್ತಿದ್ದ. "ನೀರು ಬೇಕೇನೋ?" ಎಂದು ಅವ್ವ ಕೇಳಿದರೆ ಅವನೂ "ನೀರು ಬೇಕೇನೋ" ಎನ್ನುತ್ತಿದ್ದ, ಹಾಗೆಂದರೆ ಬೇಕು ಎಂದರ್ಥ. ಸಂತೋಷವಾದರೆ ಗಂಟಲಿನಿಂದ ಒಂದೇ ಸ್ವರದಲ್ಲಿ ಗುಂಯ್ ಎಂದು ಹಾಡುತ್ತಿದ್ದ. ಗಾಬರಿಯಾದರೆ ಕೈಗೆ ಸಿಕ್ಕಿದ್ದನ್ನು ಬಡಿಯುತ್ತಿದ್ದ. ಕಣ್ಣಿಗೆ ಕಣ್ಣು ಕೊಟ್ಟು ನೋಡುತ್ತಿರಲಿಲ್ಲ, ಆದರೆ ಅಪ್ಪ ಕೆಲಸದಿಂದ ಬಂದೊಡನೆ ಅವನ ಬೆನ್ನಿಗೆ ಬೆನ್ನು ಆನಿಸಿ ಕೂರುತ್ತಿದ್ದ. ಸರ್ಕಾರಿ ಆಸ್ಪತ್ರೆಯ ಡಾಕ್ಟರು "ಬುದ್ಧಿ ನಿಧಾನ" ಎಂದಷ್ಟೇ ಹೇಳಿ, ಆಗಾಗ ಬರುತ್ತಿದ್ದ ಫಿಟ್ಸಿಗೆ ಮಾತ್ರೆ ಬರೆದುಕೊಟ್ಟಿದ್ದರು. ಇಂಥ ಮಕ್ಕಳ ಸ್ವಭಾವಕ್ಕೆ ಈಗ ಒಂದು ಹೆಸರಿದೆ, ಶಾಲೆಗಳಿವೆ, ಕಲಿಸುವವರಿದ್ದಾರೆ. ಆಗ ನಮ್ಮ ಚಾಳಿನಲ್ಲಿ ಅದಕ್ಕೆ ಹೆಸರೇ ಇರಲಿಲ್ಲ. ಹೆಸರಿಲ್ಲದ್ದಕ್ಕೆ ಜನ ತಮಗೆ ತೋಚಿದ ಹೆಸರಿಡುತ್ತಾರೆ. ಅವೆಲ್ಲ ಅವ್ವನ ಕಿವಿಗೆ ಬೀಳುತ್ತಿದ್ದವು. ಅದಕ್ಕೇ ಅವಳು ಅವನನ್ನು ಮದುವೆಗೆ, ಕೂಸಿಗೆ ಹೆಸರಿಡುವ ಬಾರಸಿಗೆ, ಎಲ್ಲಿಗೂ ಕರೆದುಕೊಂಡು ಹೋಗುತ್ತಿರಲಿಲ್ಲ. ಅವನು ಹೋಗದ ಕಡೆ ತಾನೂ ಹೋಗುತ್ತಿರಲಿಲ್ಲ.

ಅಪ್ಪನದು ಬೇರೆಯೇ ಹಟ. ಅವನಿಗೆ ಹೋಟೆಲಿನ ತಿಂಡಿಯೆಂದರೆ ಪ್ರಾಣ. ಬೀಡಿ, ಸಿನಿಮಾ, ಕುಡಿತ ಯಾವುದೂ ಇಲ್ಲದ ಮನುಷ್ಯನಿಗೆ ಇದ್ದದ್ದು ಅದೊಂದೇ ಚಟ. ಪುಣೆ ಕ್ಯಾಂಪಿನ ಹಳೆಯ ಮಾರ್ಕೆಟ್ಟಿನ ಹತ್ತಿರ, ಉಡುಪಿ ಕಡೆಯವರು ನಡೆಸುತ್ತಿದ್ದ ಒಂದು ಹೋಟೆಲಿತ್ತು. ಎತ್ತರದ ಮಾಡು, ನಿಧಾನವಾಗಿ ತಿರುಗುವ ಉದ್ದ ದಂಡಿಗೆಯ ಫ್ಯಾನು, ಬಿಳಿ ಕಲ್ಲಿನ ಮೇಜು. ಆ ಕಲ್ಲಿನ ಮೇಲೆ ಬರಿಗೈ ಇಟ್ಟರೆ ಬೇಸಿಗೆಯಲ್ಲೂ ತಣ್ಣಗಿರುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿದ ಮೇಲೆ ನೀರಿನ ಗೆರೆಗಳು ಸ್ವಲ್ಪ ಹೊತ್ತು ಉಳಿದು ಆರಿಹೋಗುತ್ತಿದ್ದವು. ಅಡುಗೆಮನೆಯ ಬಾಗಿಲು ತೆರೆದಾಗಲೆಲ್ಲ ಇಂಗಿನ ಒಗ್ಗರಣೆ, ಬೆಂದ ನುಗ್ಗೆಕಾಯಿ, ಕಾದ ಕಾವಲಿಯ ಮೇಲೆ ಬಿದ್ದ ತುಪ್ಪ ಎಲ್ಲ ಸೇರಿದ ಬಿಸಿಗಾಳಿ ಬಂದು ಮುಖಕ್ಕೆ ತಾಗುತ್ತಿತ್ತು. ಅಪ್ಪ ಒಬ್ಬನೇ ಎಂದಾದರೂ ಹೋಗಿ ಬಂದರೆ ಇದನ್ನೆಲ್ಲ ನಮಗೆ ಕತೆ ಹೇಳುತ್ತಿದ್ದ. ಒಂದು ಭಾನುವಾರ, "ಒಬ್ಬಾಂವ ತಿಂದ್ರ ಗಂಟಲದಾಗ ಇಳಿಯಂಗಿಲ್ಲ. ಎಲ್ಲಾರೂ ನಡೀರಿ" ಎಂದ. ಅವ್ವ ಬೇಡವೆಂದಳು. "ಅಂವಾ ಏನರ ಮಾಡಿಗೀಡ್ಯಾನು" ಎಂದಳು. ಅಪ್ಪ ಕೇಳಲಿಲ್ಲ. ಸಿದ್ದುವಿಗೆ ಎಣ್ಣೆ ಹಚ್ಚಿ ತಲೆ ಬಾಚಿ, ಇಸ್ತ್ರಿ ಮಾಡಿದ ಅಂಗಿ ಹಾಕಿ ಸಿಟಿ ಬಸ್ಸು ಹತ್ತಿಸಿದೆವು.

ಆ ದಿನ ಹೋಟೆಲಿನಲ್ಲಿ ಬಹಳ ಗದ್ದಲವಿತ್ತು. ಪಾತ್ರೆಗಳ ಸದ್ದು, ವೇಟರುಗಳ ಕೂಗು, ಫ್ಯಾನಿನ ಕಿರ್ರೆನ್ನುವ ನಾದ ಸಿದ್ದುವಿಗೆ ತಾಳಲಾಗಲಿಲ್ಲ. ಮೊದಲು ಚಮಚದಿಂದ ಲೋಟ ಬಡಿಯತೊಡಗಿದ. ಅವ್ವ ಚಮಚ ಕಸಿದುಕೊಂಡಳು. ಆಗ ಅವನು ಕುರ್ಚಿಯಿಂದಿಳಿದು ನೆಟ್ಟಗೆ ಪಕ್ಕದ ಮೇಜಿಗೆ ಹೋಗಿ, ಅಲ್ಲಿ ಕೂತಿದ್ದ ಹೆಂಗಸಿನ ತಟ್ಟೆಯಿಂದ ಉಬ್ಬಿದ ಪೂರಿಯನ್ನು ಎತ್ತಿಕೊಂಡು ಎರಡೂ ಕೈಯಿಂದ ಹಿಚುಕಿಬಿಟ್ಟ. ಅದರೊಳಗಿನ ಬಿಸಿಗಾಳಿ ಕೈಗೆ ತಾಗಿ ಕಿರುಚಿದ. ಆ ಹೆಂಗಸೂ ಕಿರುಚಿದಳು. ನೀರಿನ ಲೋಟ ಉರುಳಿ ಅವಳ ರೇಷ್ಮೆ ಸೀರೆಯ ಮೇಲೆ ಚೆಲ್ಲಿತು. ಅವಳ ಗಂಡ ಎದ್ದುನಿಂತು, "ಅಹೋ, ಮುಲಾಲಾ ಜರಾ ವಳಣ್ ಲಾವಾ!" ಎಂದು, ಮಗನಿಗೆ ಸ್ವಲ್ಪ ನಡತೆ ಕಲಿಸಿರೆಂದು, ಹೋಟೆಲಿಗೆಲ್ಲ ಕೇಳುವಂತೆ ಅಪ್ಪನಿಗೆ ಹೇಳಿದ. ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಗಲ್ಲಾದ ಮೇಲೆ ಕೂತಿದ್ದ ಯಜಮಾನರು ಎದ್ದು ಬಂದರು. ಅಪ್ಪ ಅವರನ್ನು ಶೆಟ್ಟರೆಂದು ಕರೆಯುತ್ತಿದ್ದ. ನಾವು ಕನ್ನಡದವರೆಂದು ಅವರಿಗೆ ಗೊತ್ತಿತ್ತು. "ನೋಡಿ ಮಾರಾಯ್ರೆ, ಇಲ್ಲಿ ಬೇರೆಯವರೂ ಊಟ ಮಾಡ್ಬೇಕಲ್ಲ. ಇಂಥ ಮಗುವನ್ನು ಕರ್ಕೊಂಡು ಬರುವಾಗ ನೀವು ಯೋಚನೆ ಮಾಡ್ಬೇಕಿತ್ತು. ಇವತ್ತು ಹೊರಡಿ" ಎಂದರು. ಧ್ವನಿ ಏರಿಸಿ ಹೇಳಲಿಲ್ಲ, ಆದರೆ ಹೇಳಿದರು.

ಅಪ್ಪ ಸಿಟ್ಟು ಮಾಡುತ್ತಾನೆಂದೋ, ಸಿದ್ದುವಿಗೆ ಹೊಡೆಯುತ್ತಾನೆಂದೋ ನಾನು ಅಂದುಕೊಂಡಿದ್ದೆ. ಅವನು ಎರಡನ್ನೂ ಮಾಡಲಿಲ್ಲ. ಸಿದ್ದುವನ್ನು ಎತ್ತಿ ಹೆಗಲಿಗೆ ಹಾಕಿಕೊಂಡ. ಆ ಹೆಂಗಸಿನ ಮೇಜಿನ ಬಳಿ ಹೋಗಿ, "ಮಾಫ್ ಕರಾ ತಾಯಿ" ಎಂದು ಒಂದೇ ಕೈಯನ್ನು ಎದೆಗೆ ತಂದು ತಲೆಬಾಗಿದ. ಇನ್ನೊಂದು ಕೈ ಮಗನ ಬೆನ್ನ ಮೇಲಿತ್ತು. ಆಮೇಲೆ ಶೆಟ್ಟರ ಕಡೆ ತಿರುಗಿ, "ಅವಂದೇನೂ ತಪ್ಪಿಲ್ರಿ. ಕಲಿಸಬೇಕಾದಾಂವ ನಾನು. ಕಲಿಸಿಕೊಂಡು ಮತ್ತ ಬರ್ತೀನ್ರಿ" ಎಂದ. ಹೊರಗೆ ರಸ್ತೆಯ ಬಿಸಿಲಿಗೆ ಬಂದಾಗ ನನ್ನ ಹೊಟ್ಟೆ ಹಸಿದು ಚುರುಗುಟ್ಟುತ್ತಿತ್ತು. ಆದರೆ ಊಟದ ಮಾತನ್ನು ಯಾರೂ ಎತ್ತಲಿಲ್ಲ.

ಮನೆಗೆ ಬಂದ ಮೇಲೆ ಅವ್ವ ಅತ್ತಳು. "ಇನ್ನ ನನ್ನ ಜೀವ ಇರೂತನಕ ನಾ ಎಲ್ಲೂ ಬರಾಂಗಿಲ್ಲ. ಮಂದಿ ಮುಂದ ನನ್ನ ಕೂಸಿನ್ನ ದನದ ಗತಿ ಹೊರಗ ಹಾಕಿದ್ರು. ಅಂವಾ ಮನ್ಯಾಗ ಇರ್ಲಿ, ನಾನೂ ಮನ್ಯಾಗ ಇರ್ತೀನಿ" ಎಂದಳು. ಅಪ್ಪ ಗೋಡೆಗೆ ಒರಗಿ ಕೂತ. ಆಮೇಲೆ, "ನಾಗಮ್ಮಾ, ನಾವಿಬ್ರೂ ಹೋದ ಮ್ಯಾಲ ಇಂವಾ ಮಂದ್ಯಾಗಽ ಇರಬೇಕಲ್ಲ? ಮಂದ್ಯಾಗ ಕುಂಡ್ರೂದು ಕಲೀಲಿಲ್ಲಂದ್ರ ಹ್ಯಾಂಗ?" ಎಂದ. ಅವ್ವ ಕಣ್ಣೊರೆಸಿಕೊಂಡು ಎದ್ದು ಸ್ಟೋವು ಹಚ್ಚಿದಳು.

ಮುಂದಿನ ಭಾನುವಾರ ನಮ್ಮ ಮನೆಯಲ್ಲಿ ಹೋಟೆಲು ತೆರೆಯಿತು. ಅವ್ವನ ತವರಿನಿಂದ ಬಂದಿದ್ದ ಕಬ್ಬಿಣದ ಟ್ರಂಕನ್ನು ಅಪ್ಪ ಕೋಣೆಯ ನಡುವಿಗೆ ಎಳೆದು, ಅದರ ಮೇಲೆ ಬಿಳಿ ಪಂಚೆಯನ್ನು ಹಾಸಿದ. ಒಂದು ಪಕ್ಕ ನಾನು, ಎದುರಿಗೆ ಸಿದ್ದು. ಅಪ್ಪ ಹೆಗಲಿಗೆ ಟವೆಲ್ಲು ಹಾಕಿಕೊಂಡು ಮೋರಿಯ ಕಡೆಯಿಂದ ಬಂದು, ನಡು ಬಗ್ಗಿಸಿ, "ಬರ್ರಿ ಸಾಹೇಬ್ರ, ಕುಂದರ್ರಿ. ಏನ್ ತರ್ಲಿರಿ?" ಎಂದ. ಸಿದ್ದು ಗೋಡೆ ನೋಡುತ್ತ, "ಏನ್ ತರ್ಲಿರಿ" ಎಂದ. ನನಗೆ ನಗು ತಡೆಯಲಾಗಲಿಲ್ಲ. ಅಪ್ಪ ನಗಲಿಲ್ಲ. ಹೋಟೆಲಿನಲ್ಲಿರುವ ಹಾಗೆ ಗಂಭೀರವಾಗಿ, "ರೊಟ್ಟಿ ಅದ, ಹಿಂಡಿ ಅದ, ಹೆಸರುಬ್ಯಾಳಿ ಅದ. ಆರ್ಡರ್ ಹೇಳ್ರಿ ಸಾಹೇಬ್ರ" ಎಂದು ಮತ್ತೆ ಕೇಳಿದ. ಹಾಗೆ ಎಷ್ಟು ಭಾನುವಾರ ಕೇಳಿದನೋ. ಕಡೆಗೊಮ್ಮೆ ಸಿದ್ದು, "ರೊಟ್ಟಿ" ಎಂದ. ಅದು ನಮ್ಮ ಯಾರ ಮಾತಿನ ಪ್ರತಿಧ್ವನಿಯೂ ಅಲ್ಲ, ಅವನದೇ ಮಾತು. ಸ್ಟೋವಿನ ಮುಂದೆ ಕೂತಿದ್ದ ಅವ್ವ ಹಿಟ್ಟಿನ ಕೈಯಲ್ಲೇ ತಿರುಗಿ ನೋಡಿದಳು.

ಎಲ್ಲಕ್ಕಿಂತ ಕಷ್ಟವಾದದ್ದು ಕಾಯುವುದು. ಕೇಳಿದ್ದು ಕೂಡಲೇ ಬರುವುದಿಲ್ಲ, ಬರುವ ತನಕ ಬಡಿಯಬಾರದು, ಎದ್ದು ಓಡಬಾರದು. ಇದನ್ನು ಹೇಗೆ ಹೇಳಿದರೂ ಸಿದ್ದುವಿನ ತಲೆಗೆ ಹತ್ತುತ್ತಿರಲಿಲ್ಲ. ಆಗ ಅಪ್ಪ ಒಂದು ಉಪಾಯ ಕಂಡುಕೊಂಡ. ತನ್ನ ಅಂಗೈಯನ್ನು ಮೇಲ್ಮುಖವಾಗಿ ಟ್ರಂಕಿನ ಮೇಲಿಟ್ಟ. ಮಶೀನಿನ ಎಣ್ಣೆ ಇಳಿದು ಕಪ್ಪಾಗಿದ್ದ ಗೆರೆಗಳು, ತುಂಡು ತಗಡು ಕೊಯ್ದ ಗುರುತುಗಳು, ಜಡ್ಡುಗಟ್ಟಿದ ಬೆರಳ ಬುಡ. ಸಿದ್ದು ತನ್ನ ತೋರುಬೆರಳಿನಿಂದ ಒಂದೊಂದೇ ಗೆರೆ ಹಿಡಿದು ಅಂಗೈಯ ಆ ತುದಿಯಿಂದ ಈ ತುದಿಗೆ ಹೋಗತೊಡಗಿದ, ದಾರಿ ಹುಡುಕುವವನ ಹಾಗೆ. ಊಟ ಬರುವ ತನಕ ಅವನಿಗೆ ಅದೇ ಕೆಲಸವಾಯಿತು. ಬಡಿಯುವುದು ನಿಂತಿತು. ಬೇರೆಯವರ ತಟ್ಟೆ ಮುಟ್ಟಬಾರದೆಂದು ಕಲಿಸಲು ಇನ್ನೊಬ್ಬ ಗಿರಾಕಿ ಬೇಕಿತ್ತು. "ನೀ ಬಾ" ಎಂದು ಅಪ್ಪ ಅವ್ವನನ್ನು ಕರೆದ. ಅವ್ವ ಮೊದಮೊದಲು ಮುಖ ತಿರುಗಿಸಿದಳು. ಒಂದು ದಿನ ಏನನ್ನಿಸಿತೋ, ತಲೆಯ ಮೇಲೆ ಸೆರಗು ಹೊದ್ದು, ನೀರಿನ ಕೊಡವನ್ನು ಬೋರಲು ಹಾಕಿ ಅದರ ಮೇಲೆ ತಟ್ಟೆಯಿಟ್ಟುಕೊಂಡು, ಕ್ಯಾಂಪಿನ ದೊಡ್ಡ ಮನೆಯ ಒಡತಿಯ ಹಾಗೆ ಕೊರಳು ಕೊಂಕಿಸಿ ಕೂತಳು. "ಏ ವೇಟರ್, ಚಟ್ನಿ ಆಣ್ ರೇ" ಎಂದು, ಚಟ್ನಿ ತರಲು ಅಪ್ಪನಿಗೇ ಮರಾಠಿಯಲ್ಲಿ ಹುಕುಂ ಮಾಡಿದಳು. ಅಪ್ಪ "ಹೋ ಬಾಯಿಸಾಬ್" ಎಂದು ಓಡಿದ. ಅವತ್ತು ಅವ್ವ ನಕ್ಕ ನಗು ಚಾಳಿನ ಆಚೆ ತುದಿಯ ತನಕ ಕೇಳಿರಬೇಕು. ಅವಳು ನಕ್ಕದ್ದು ನೋಡಿ ಸಿದ್ದು ಗುಂಯ್ ಎಂದು ತನ್ನ ಒಂದೇ ಸ್ವರದ ಹಾಡು ಹಾಡಿದ. ನಮ್ಮ ಮನೆ ಎಂದು ನಾನು ಹೇಳುವಾಗ ನನಗೆ ನೆನಪಾಗುವುದು ಆ ಮಧ್ಯಾಹ್ನಗಳೇ. ಬಾಗಿಲಿಂದ ಬಿದ್ದ ಬಿಸಿಲು, ಬಿಳಿ ಪಂಚೆಯ ಮೇಲೆ ಬೇಳೆಯ ಹಳದಿ ಕಲೆ, ಟವೆಲ್ಲು ಹೊದ್ದ ಅಪ್ಪ, ಬಾಯಿಸಾಬಳಾದ ಅವ್ವ.

ಊಟ ಮುಗಿದ ಮೇಲೆ ಗಿರಾಕಿ ವೇಟರನಿಗೆ ಒಂದು ಒಳ್ಳೆಯ ಮಾತು ಹೇಳಬೇಕೆಂಬುದು ಅಪ್ಪನ ಕಟ್ಟಳೆ. "ಸಾಕ್ರಿ. ಭಾಳ ಛಲೋ ಇತ್ರಿ" ಎಂಬ ಆ ಮಾತನ್ನು ಅಪ್ಪ ಹೇಳಿಕೊಟ್ಟ, ನಾನು ಹೇಳಿದೆ, ಅವ್ವ ಹೇಳಿದಳು. ಸಿದ್ದು ಅದನ್ನು ಒಮ್ಮೆಯೂ ಹೇಳಲಿಲ್ಲ. ಎಲ್ಲವನ್ನೂ ತಿರುಗಿ ಆಡುವವನು ಈ ಒಂದು ಮಾತಿಗೆ ಬಾಯಿ ಮುಚ್ಚಿಕೊಳ್ಳುತ್ತಿದ್ದ.

ಮತ್ತೆ ಕ್ಯಾಂಪಿಗೆ ಹೋದೆವು. ಜನ ಕಡಿಮೆಯಿರುವ ಹೊತ್ತು ನೋಡಿ, ಮೂಲೆಯ ಮೇಜು ಹಿಡಿದು ಕೂತೆವು. ಅಪ್ಪ ಶೆಟ್ಟರಿಗೆ ದೂರದಿಂದಲೇ ಕೈಮುಗಿದ. ಅವರು ಹುಬ್ಬೇರಿಸಿದರು, ಆದರೆ ಬೇಡವೆನ್ನಲಿಲ್ಲ. ಅಪ್ಪನ ಅಂಗೈ ಬಿಳಿ ಕಲ್ಲಿನ ಮೇಲೆ ಬಿಚ್ಚಿಕೊಂಡಿತು. ಅವತ್ತು ಸಿದ್ದು ಅರ್ಧ ದೋಸೆಯವರೆಗೆ ಕೂತ. ಆಮೇಲೆ ಅವನ ಗಂಟಲಿನ ಸದ್ದು ಏರತೊಡಗಿದಾಗ ಅಪ್ಪ ಕೂಡಲೇ ಎದ್ದು ಅವನನ್ನು ಹೊರಗೆ ಕರೆದೊಯ್ದು ಫುಟ್‌ಪಾತಿನ ಮೇಲೆ ಅಡ್ಡಾಡಿಸಿದ, ಅವನು ತಣ್ಣಗಾದ ಮೇಲೆ ಮತ್ತೆ ಒಳಗೆ ಬಂದ. ಅಷ್ಟು ಹೊತ್ತಿಗೆ ಅಪ್ಪನ ದೋಸೆ ಚಪ್ಪಲಿಯ ಹಾಗಾಗಿತ್ತು. "ಬ್ಯಾರೆಯವರ ಊಟ ಕೆಡಬಾರದು, ನಮ್ಮದು ಆರಿದ್ರ ನಡೀತದ" ಎಂದ. ಹೀಗೆ ಹೋಗುವುದು, ಅರ್ಧಕ್ಕೆ ಏಳುವುದು, ಮತ್ತೆ ಹೋಗುವುದು ಒಂದು ಚಳಿಗಾಲ, ಒಂದು ಬೇಸಿಗೆ ನಡೆಯಿತು. ಶೆಟ್ಟರು ಮೆಲ್ಲಮೆಲ್ಲಗೆ ಬದಲಾದರು. ನಮ್ಮನ್ನು ಕಂಡರೆ ಮೂಲೆಯ ಮೇಲಿನ ಫ್ಯಾನನ್ನು ತಾವೇ ನಿಲ್ಲಿಸುತ್ತಿದ್ದರು, ಅದರ ಕಿರ್ರೆನ್ನುವ ಸದ್ದು ಅವನಿಗಾಗದೆಂದು ಅವರಿಗೆ ತಿಳಿದಿತ್ತು. ಸಿದ್ದುವಿಗೆ "ಸಣ್ಣ ಯಜಮಾನ್ರು" ಎಂದು ಹೆಸರಿಟ್ಟಿದ್ದರು.

ಮಳೆಗಾಲಕ್ಕೆ ಸ್ವಲ್ಪ ಮೊದಲಿನ ಒಂದು ಭಾನುವಾರ ಸಿದ್ದು ಪೂರ್ತಿ ಊಟಕ್ಕೆ ಕೂತ. ಏಳಲಿಲ್ಲ, ಬಡಿಯಲಿಲ್ಲ. ಪಕ್ಕದ ಮೇಜಿಗೆ ಪೂರಿ ಬಂತು. ಅವನು ಆ ಉಬ್ಬಿದ ಪೂರಿಯನ್ನು ನೋಡಿದ, ನಾವೆಲ್ಲ ಅವನನ್ನೇ ನೋಡಿದೆವು, ಅವನು ತಿರುಗಿ ಅಪ್ಪನ ಅಂಗೈಗೆ ಬೆರಳಿಟ್ಟ. ಎಲ್ಲ ಮುಗಿದು ವೇಟರು ತಟ್ಟೆ ತೆಗೆಯಲು ಬಂದಾಗ, ಸಿದ್ದು ಎಲ್ಲೋ ನೋಡುತ್ತ, ಥೇಟು ಅಪ್ಪನ ಧ್ವನಿಯಲ್ಲಿ, "ಸಾಕ್ರಿ. ಭಾಳ ಛಲೋ ಇತ್ರಿ" ಎಂದ. ಮರಾಠಿ ವೇಟರನಿಗೆ ಅದೇನೆಂದು ತಿಳಿಯಲಿಲ್ಲ, ಆದರೂ ನಕ್ಕ. ಗಲ್ಲಾದ ಮೇಲಿದ್ದ ಶೆಟ್ಟರು ಕೇಳಿಸಿಕೊಂಡು, "ಸಣ್ಣ ಯಜಮಾನ್ರಿಗೆ ಒಪ್ಪಿಗೆ ಆಯ್ತಲ್ಲ, ನಮಗಷ್ಟು ಸಾಕು" ಎಂದರು. ಅವ್ವ ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಅಳುತ್ತಿದ್ದಾಳೆಂದು ನಮಗೆಲ್ಲ ಗೊತ್ತಿತ್ತು. ಯಾರೂ ಕೇಳಲಿಲ್ಲ, ಅದು ಕೇಳಬೇಕಾದ ಅಳುವಾಗಿರಲಿಲ್ಲ.

ಆ ಮಳೆಗಾಲದಲ್ಲಿ ಸಿದ್ದುವಿಗೆ ಜ್ವರ ಬಂತು. ಜ್ವರದ ಜೊತೆ ಫಿಟ್ಸು ಬಂತು. ಅಪ್ಪ ಬೆಳಗಿನ ಪಾಳಿಗೆ ಹೋಗಿದ್ದ. ಈ ಸಲ ಫಿಟ್ಸು ಎಂದಿನ ಹಾಗೆ ತಾನಾಗಿ ನಿಲ್ಲಲಿಲ್ಲ. ಅವ್ವ ಅವನನ್ನು ಎತ್ತಿಕೊಂಡು ಮಳೆಯಲ್ಲೇ ಬರಿಗಾಲಲ್ಲಿ ದೊಡ್ಡ ರಸ್ತೆಗೆ ಓಡಿದಳು. ರಿಕ್ಷಾಗಳು ತುಂಬಿ ಹೋಗುತ್ತಿದ್ದವು. ಕಬ್ಬಿಣದ ಸರಳು ತುಂಬಿಕೊಂಡು ಹೊರಟಿದ್ದ ಒಂದು ಟೆಂಪೋದವನು ನಿಲ್ಲಿಸಿ, ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಮುಟ್ಟಿಸಿದ. ನನ್ನನ್ನು ಪಕ್ಕದ ಮನೆಯ ಮರಾಠಿ ಕಾಕೂ ತಮ್ಮಲ್ಲಿ ಉಳಿಸಿಕೊಂಡರು. ಮಧ್ಯಾಹ್ನ ಅವರು ನನಗೆ ಅನ್ನ ಕಲಸಿ ಕೊಡುತ್ತಿದ್ದಾಗ ಹೊರಗೆ ಜನರ ಮಾತು ಕೇಳಿಸಿತು. ಸುದ್ದಿ ತಿಳಿದು ಆಸ್ಪತ್ರೆಗೆ ಓಡಿದ್ದ ಅಪ್ಪ ಕಾರ್ಖಾನೆಯ ಬಟ್ಟೆಯಲ್ಲೇ ಇದ್ದ. ಕೈಗೆ ಹತ್ತಿದ ಎಣ್ಣೆಯನ್ನೂ ತೊಳೆದಿರಲಿಲ್ಲ. ಹೆಗಲ ಮೇಲೆ ಸಿದ್ದು ಮಲಗಿದ್ದ, ಫುಟ್‌ಪಾತಿನಲ್ಲಿ ಅಡ್ಡಾಡಿಸುವಾಗ ಮಲಗುತ್ತಿದ್ದ ಹಾಗೆಯೇ. ಊರಿಗೆ ಒಯ್ಯಲಿಲ್ಲ. ಅಪ್ಪ, "ಅವನಿಗಿ ಆ ಊರು ಗೊತ್ತಿಲ್ಲ, ಇದ ಗೊತ್ತು" ಎಂದ. ಪುಣೆಯ ಮಣ್ಣಿಗೇ ಕೊಟ್ಟೆವು.

ಆಮೇಲೆ ನಮ್ಮ ಮನೆಯಲ್ಲಿ ಹೋಟೆಲು ನಡೆಯಲಿಲ್ಲ. ಟ್ರಂಕು ಗೋಡೆಗೆ ಸರಿಯಿತು. ಅದರ ಮೇಲೆ ಹಾಸಿಗೆಗಳನ್ನು ಒಟ್ಟಿದೆವು. ಭಾನುವಾರ ಬಂದರೆ ಅಪ್ಪ ಬೇಕೆಂದೇ ಹೆಚ್ಚಿನ ಪಾಳಿ ಕೇಳಿ ಹಾಕಿಸಿಕೊಂಡು ಹೋಗುತ್ತಿದ್ದ. ಮಗನ ಹೆಸರನ್ನು ಅವನು ಎತ್ತುತ್ತಿರಲಿಲ್ಲ, ಯಾರಾದರೂ ಎತ್ತಿದರೆ ಹೊರಗೆ ಹೋಗಿ ನಿಲ್ಲುತ್ತಿದ್ದ. ಸದ್ದು ಮಾಡಬೇಡ ಎಂದು ಹೇಳಿಸಿಕೊಳ್ಳುವವರು ಇಲ್ಲದ ಮನೆಯಲ್ಲಿ ನಾವು ಮೂವರೂ ತಟ್ಟೆಯನ್ನು ಕೂಡ ಸದ್ದಾಗದಂತೆ ಇಡುತ್ತಿದ್ದೆವು. ವರ್ಷಗಳು ಕಳೆದವು, ನಾನು ಓದಿದೆ, ಕೆಲಸ ಹಿಡಿದೆ, ಮದುವೆಯಾದೆ. ಚಾಳು ಒಡೆದು ಅಲ್ಲಿ ಗೋದಾಮು ಕಟ್ಟಿದರು. ಕ್ಯಾಂಪಿನ ಆ ಹೋಟೆಲಿನ ಜಾಗದಲ್ಲಿ ಈಗ ಬಟ್ಟೆಯ ಅಂಗಡಿಯಿದೆ, ಗಾಜಿನೊಳಗೆ ತಲೆಯಿಲ್ಲದ ಗೊಂಬೆಗಳು ನಿಂತಿವೆ. ಅಪ್ಪ ಹೋದ, ಕೆಲವು ವರ್ಷಕ್ಕೆ ಅವ್ವನೂ ಹೋದಳು. ನಮ್ಮ ಆ ಭಾನುವಾರಗಳನ್ನು ಕಂಡವರಲ್ಲಿ ಉಳಿದಿರುವವಳು ನಾನೊಬ್ಬಳೇ. ನಾನು ಹೇಳದಿದ್ದರೆ ಅವು ನಡೆದವೆಂದು ಹೇಳುವವರು ಯಾರೂ ಇಲ್ಲ.

ಹೇಳಬೇಕಾದ ಇನ್ನೊಂದು ದಿನವಿದೆ. ಸಿದ್ದು ಹೋದ ವರ್ಷದ ದೀಪಾವಳಿ ಕಳೆದ ಮೇಲಿನದು. ಹೊರಗೆ ಹೋಗುವುದೆಂದರೆ ಹೆದರುತ್ತಿದ್ದ ಅವ್ವನೇ ಒಂದು ಬೆಳಿಗ್ಗೆ, "ನಡೀರಿ, ಕ್ಯಾಂಪಿಗಿ ಹೋಗೂಣು" ಎಂದಳು. ಅಪ್ಪ ಅವಳ ಮುಖ ನೋಡಿದ. "ನೀವು ಹಿಂಗಽ ಕುಂತ್ರ ಈ ಹುಡುಗೀದೇನು ತಪ್ಪು?" ಎಂದು ನನ್ನ ಕಡೆ ತೋರಿಸಿದಳು. ಹೋದೆವು. ಶೆಟ್ಟರು ನಮ್ಮನ್ನು ಕಂಡು ಮುಖ ಅರಳಿಸಿ, "ಏನು ಶರಣಪ್ಪ, ತುಂಬ ದಿನ ಆಯ್ತಲ್ಲ ಮಾರಾಯ್ರೆ! ಸಣ್ಣ ಯಜಮಾನ್ರು ಎಲ್ಲಿ?" ಎನ್ನುತ್ತ, ಅಭ್ಯಾಸದಂತೆ ಫ್ಯಾನಿನ ಗುಂಡಿಯ ಕಡೆ ಕೈ ಚಾಚಿದರು. ಅಪ್ಪ ಅವ್ವನ ಕಡೆ ನೋಡಿದ. ಅವ್ವ ಹೇಳಿದಳು. "ಅಂವಾ ಇಲ್ರಿ ಶೆಟ್ಟರ. ಮಳಿಗಾಲದಾಗ ಹೋದ."

ಶೆಟ್ಟರ ಕೈ ಗುಂಡಿಯ ಮೇಲೆಯೇ ನಿಂತಿತು. ಆಮೇಲೆ ಅವರೇ ನೀರಿನ ಲೋಟಗಳನ್ನು ತಂದು ನಮ್ಮ ಮೇಜಿನ ಮೇಲಿಟ್ಟರು. "ಮೊದಲ ದಿನ ನಾನು ಹಾಗೆ ಹೊರಗೆ ಕಳಿಸಬಾರದಿತ್ತಮ್ಮ" ಎಂದರು. ಅವ್ವ ತಲೆಯಾಡಿಸಿದಳು. "ಹಂಗನಬ್ಯಾಡ್ರಿ. ನೀವು ಅಂದದ್ದಕ್ಕಽ ನಮ್ಮ ಮನ್ಯಾಗ ಹೋಟೆಲ ಆಗಿತ್ರಿ" ಎಂದಳು. ಅವರಿಗೆ ಆ ಮಾತು ಅರ್ಥವಾಗಿರಲಾರದು. ಅವ್ವನೂ ಬಿಡಿಸಿ ಹೇಳಲಿಲ್ಲ.

ನಮ್ಮ ತಿಂಡಿ ಬರುವಷ್ಟರಲ್ಲಿ ಬಾಗಿಲ ಬಳಿಯ ಮೇಜಿನಲ್ಲಿ ಒಂದು ಮಗು ಅಳತೊಡಗಿತು. ಇನ್ನೂ ಸರಿಯಾಗಿ ನಡೆಯಲು ಬಾರದ ಹೆಣ್ಣುಕೂಸು. ಅದರ ಜೊತೆ ತಾಯಿ ಒಬ್ಬಳೇ ಇದ್ದಳು, ಬಹಳ ಚಿಕ್ಕ ವಯಸ್ಸಿನವಳು. ಕೂಸು ಬೆನ್ನು ಬಿಲ್ಲಿನ ಹಾಗೆ ಮಣಿಸಿ ಕಿರುಚುತ್ತಿತ್ತು. ಅಕ್ಕಪಕ್ಕದವರು ತಿರುಗಿ ನೋಡಿದರು. ಯಾರೋ ನಾಲಿಗೆಯಿಂದ ಚ್ ಚ್ ಎಂದರು. ಅವಳು ಹೆದರಿ, ಮುಟ್ಟದ ತಟ್ಟೆಯನ್ನು ಹಿಂದಕ್ಕೆ ತಳ್ಳಿ, ಚೀಲ ಹೆಗಲಿಗೇರಿಸಿ ಹೊರಡಲು ಎದ್ದಳು. ಅವ್ವ ನಮಗೆ ಏನೂ ಹೇಳದೆ ಎದ್ದು ಹೋದಳು. ಹೋಗಿ ಎರಡೂ ಕೈ ಚಾಚಿ, ತನಗೆ ಬರುತ್ತಿದ್ದ ಅರೆಬರೆ ಮರಾಠಿಯಲ್ಲಿ, "ಬಸಾ ತಾಯಿ, ತುಮ್ಹೀ ಜೇವಾ. ಮೀ ಬಘತೆ" ಎಂದಳು. ನೀನು ಕೂತು ಊಟ ಮಾಡು, ನಾನು ನೋಡಿಕೊಳ್ಳುತ್ತೇನೆ. ಆ ಹುಡುಗಿ ಅವ್ವನ ಮುಖವನ್ನು ಒಂದು ಕ್ಷಣ ನೋಡಿದಳು. ಅಲ್ಲಿ ಏನು ಕಂಡಳೋ, ಕೂಸನ್ನು ಕೊಟ್ಟುಬಿಟ್ಟಳು.

ಅವ್ವ ಕೂಸನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಾಚೆಯ ಮೆಟ್ಟಿಲ ಮೇಲೆ, ತಾಯಿಯ ಕಣ್ಣಿಗೆ ಕಾಣುವ ಹಾಗೆ ನಿಂತಳು. ರಸ್ತೆಯಲ್ಲಿ ಹೋಗುವ ರಿಕ್ಷಾ, ಸೈಕಲ್ಲು, ಬಲೂನು ಮಾರುವವನನ್ನು ತೋರಿಸುತ್ತ ಕನ್ನಡದಲ್ಲೇ ಏನೇನೋ ಮಾತಾಡುತ್ತಿದ್ದಳು. ಕೂಸಿಗೆ ಕನ್ನಡ ಬರುತ್ತಿರಲಿಲ್ಲ, ಆದರೂ ಸುಮ್ಮನಾಯಿತು. ಒಳಗೆ ಆ ಹುಡುಗಿ ಕಣ್ಣೊರೆಸಿಕೊಂಡು, ಮೊದಲು ಗಬಗಬನೆ, ಆಮೇಲೆ ನಿಧಾನವಾಗಿ ಊಟ ಮಾಡಿದಳು. ಅಪ್ಪ ತನ್ನ ತಟ್ಟೆ ಮುಟ್ಟದೆ ಬಾಗಿಲ ಕಡೆ ನೋಡುತ್ತಲೇ ಇದ್ದ. ಎಷ್ಟೋ ತಿಂಗಳಿಂದ ಅವನ ಬಾಯಿಂದ ಬಾರದಿದ್ದ ಹೆಸರು ಆಗ ಬಂತು. "ಸಿದ್ದೂನೂ ಹಿಂಗಽ, ಹೊರಗ ಗಾಳಿಗಿ ಹೋದ್ರ ಸಾಕು, ತಣ್ಣಗ ಆಗ್ತಿದ್ದ" ಎಂದು ನನಗೆ ಹೇಳಿದ. ಹೇಳಿ, ತುಂಬಿದ ಹೋಟೆಲಿನಲ್ಲಿ, ಸದ್ದಿಲ್ಲದೆ ಅತ್ತ.

ತಾಯಿ ಬಂದು ಕೂಸನ್ನು ತೆಗೆದುಕೊಂಡಾಗ ಅದು ನಿದ್ದೆ ಹೋಗಿತ್ತು. ಮನೆಗೆ ಹೋಗುವ ಬಸ್ಸಿನಲ್ಲಿ ನಾನು ಅವ್ವನ ಪಕ್ಕ ಕೂತಿದ್ದೆ. ಅವಳ ಹೆಗಲ ಮೇಲೆ, ಸೀರೆಗೆ, ಆ ಕೂಸು ಸುರಿಸಿದ ಜೊಲ್ಲು ಹಾಲಿನ ವಾಸನೆ ಹೊಡೆಯುತ್ತ ಇನ್ನೂ ಹಸಿಯಾಗಿತ್ತು. ಅಪ್ಪ ಜೇಬಿನಿಂದ ಕರವಸ್ತ್ರ ತೆಗೆದು ಒರೆಸಲು ಕೈ ಮುಂದೆ ಮಾಡಿದ. ಅವ್ವ ಹೆಗಲನ್ನು ಸ್ವಲ್ಪ ಹಿಂದಕ್ಕೆ ಸರಿಸಿಕೊಂಡಳು.

"ಇರ್ಲಿ ಬಿಡ್ರಿ" ಎಂದಳು. "ಆರೂತನಕ ಇರ್ಲಿ."